ಆರುನೂರ ನಲವತ್ತು ಕೆ.ಬಿ.ಯ ಜೊತೆ ಚೌಕಾಸಿ

ಗಿರಾಕಿ ಫೋನ್ ಮಾಡಿ ಮೆಷಿನ್ ಕೆಟ್ಟಿದೆ ಎಂದ ಕೂಡಲೇ ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡಬೇಡಿ. ಪರದೆಯ ಮೇಲೆ ಏನು ಬರೆದಿದೆಯೋ ಅದನ್ನು ಓದಿ ಹೇಳಿ ಎನ್ನಿ. ಅವರು ಓದುವುದಿಲ್ಲ. ‘ಏನೋ ಇಂಗ್ಲಿಷ್‌ನಲ್ಲಿ ಬಂತು, ಎಂಟರ್ ಒತ್ತಿದೆ, ಹೋಯ್ತು’ ಎನ್ನುತ್ತಾರೆ. ಆಗ ಹೊರಡಿ. ಹೊರಡುವ ಮೊದಲು ಬಸ್ ಚಾರ್ಜು ಯಾರದು ಎಂಬುದನ್ನು ತೀರ್ಮಾನ ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಈ ಮಾತು ಎತ್ತಿದರೆ ಊಟ ಹಾಕಿ ಕಳಿಸುತ್ತಾರೆಯೇ ಹೊರತು ಚಾರ್ಜು ಕೊಡುವುದಿಲ್ಲ.

ಈ ಕಸುಬಿಗೆ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಎರಡನೆಯದು ಬೆರಗಿನ ಪಾಠ. ಅದನ್ನು ಹೇಳಿಕೊಡಲು ಬರುವುದಿಲ್ಲ, ನಡೆದದ್ದನ್ನು ಹೇಳಬಹುದು ಅಷ್ಟೇ.

ನಾನು ನೊಣವಿನಕೆರೆಯವನು. ತಿಪಟೂರಿನಲ್ಲಿ ಟೈಪ್‌ರೈಟರ್ ರಿಪೇರಿಯ ಅಂಗಡಿ ಇಟ್ಟಿದ್ದೆ. ತೊಂಬತ್ತರ ದಶಕ ಶುರುವಾಗುತ್ತಿದ್ದಂತೆ ರಿಪೇರಿಗೆ ಬಂದ ಟೈಪ್‌ರೈಟರುಗಳನ್ನು ವಾಪಸ್ಸು ತೆಗೆದುಕೊಂಡು ಹೋಗಲು ಜನ ಬರುವುದು ನಿಂತಿತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಅಷ್ಟು ಸಾಕಾಗಿತ್ತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮಾರುವ ಒಬ್ಬರ ಬಳಿ ಹೋಗಿ, ಸಂಬಳ ಬೇಡ, ಕೆಲಸ ಕಲಿಸಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ಸರ್ವೀಸು ನನಗೆ ಬಿಟ್ಟುಕೊಡಿ ಎಂದು ಕೂತೆ. ಅವರಿಗೂ ಕೊಬ್ಬರಿ ಸೀಮೆಯ ಧೂಳಿಗೆ ಇಳಿಯುವವರು ಬೇಕಾಗಿತ್ತು. ಒಪ್ಪಿದರು. ಅಲ್ಲಿಯ ಸರ್ವೀಸ್ ಮುಖ್ಯಸ್ಥರು ನರಹರಿರಾಯರು ನನ್ನ ಗುರುಗಳಾದರು.

ರಾಯರು ಮೊದಲ ದಿನ ನನಗೆ ತೋರಿಸಿದ್ದು ಒಂದು ಆಫೀಸ್ ಪ್ಯಾಕೇಜು. ಪತ್ರ ಬರೆಯುವುದು, ಲೆಕ್ಕದ ಹಾಳೆ, ವಿಳಾಸಗಳ ಪಟ್ಟಿ, ರಿಪೋರ್ಟು ಎಲ್ಲ ಒಂದರಲ್ಲೇ ಇತ್ತು. ಲೆಕ್ಕದ ಹಾಳೆ ಎಂದರೆ ಚೌಕಾಬಾರದ ಹಾಗೆ ಮನೆ ಮನೆಗಳು. ಚೌಕಾಬಾರಕ್ಕೆ ಒಂದು ಅಂಚಿದೆ, ಇದಕ್ಕೆ ಕಣ್ಣಿಗೆ ಕಾಣುವ ಅಂಚಿಲ್ಲ. ರಾಯರು ಒಂದು ಮನೆಯಲ್ಲಿ ಅಂಕಿ ಬದಲಿಸಿದರು. ಕೆಳಗಿನ ಒಟ್ಟು ಬದಲಾಯಿತು. ಅದರ ಪಕ್ಕದಲ್ಲಿ ಬರೆದಿಟ್ಟಿದ್ದ ಪತ್ರದ ಒಳಗಿನ ಅಂಕಿಯೂ ಬದಲಾಯಿತು. ನಾನು ಮೆಷಿನ್ನಿನ ಹಿಂದೆ ಹೋಗಿ ಬಗ್ಗಿ ನೋಡಿದೆ. ರಾಯರು ನಗಲಿಲ್ಲ. ‘ನಾನೂ ಮೊದಲ ಸಲ ಹಿಂದೆ ಹೋಗಿ ನೋಡಿದ್ದೆ’ ಎಂದರು.

ಅಷ್ಟೆಲ್ಲ ನಡೆಯುತ್ತಿದ್ದದ್ದು ಆರುನೂರ ನಲವತ್ತು ಕೆ.ಬಿ. ಮೆಮೊರಿಯಲ್ಲಿ. ಇವತ್ತು ನಿಮ್ಮ ಫೋನಿನಲ್ಲಿ ಯಾರೋ ಕಳಿಸಿದ ಶುಭೋದಯದ ಒಂದು ಚಿತ್ರಕ್ಕೆ ಬೇಕಾಗುವ ಜಾಗದಲ್ಲಿ ಅಂದು ಇಡೀ ಕಚೇರಿ ಕೂತಿರುತ್ತಿತ್ತು. ಅದನ್ನು ಬರೆದವರು ಯಾರೋ, ಯಾವ ದೇಶದವರೋ ನನಗೆ ಗೊತ್ತಿಲ್ಲ. ಒಂದೊಂದು ಅಕ್ಷರಕ್ಕೂ ಜಾಗ ಅಳೆದು ಬರೆದವರು. ನಮ್ಮಲ್ಲಿ ಮದುವೆ ಮನೆಯಲ್ಲಿ ಒಂದೇ ಕೋಣೆಯಲ್ಲಿ ಇಪ್ಪತ್ತು ಜನರಿಗೆ ಹಾಸಿಗೆ ಹಾಸುವ ಹೆಂಗಸರು ಇರುತ್ತಾರಲ್ಲ, ಆ ಬುದ್ಧಿ ಅದು. ಎಷ್ಟೋ ಸಲ ಬಸ್ಸಿನಲ್ಲಿ ಕೂತು ಅವರನ್ನು ನೆನೆದು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ಆದರೆ ಆ ಕೋಣೆಗೆ ಇಪ್ಪತ್ತೊಂದನೆಯವರು ಬಂದರೆ ಕಷ್ಟ. ಪರದೆಯ ಕೆಳಗೆ ‘ಮೆಮೊರಿ ಫುಲ್’ ಎಂದು ಬರುತ್ತಿತ್ತು. ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ಮುಕ್ಕಾಲು ಪಾಲು ಆ ಎರಡು ಪದಗಳ ಜೊತೆಗಿನ ಚೌಕಾಸಿಯೇ.

ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಹೀಗೇ ಆಯಿತು. ಸಂಜೆಯ ರಿಪೋರ್ಟು ಬರುತ್ತಿಲ್ಲ. ಹೋಗಿ ನೋಡಿದರೆ ಮೆಷಿನ್ ಆನ್ ಮಾಡಿದ ಕೂಡಲೇ ಮೂರು ಚಿಲ್ಲರೆ ಪ್ರೋಗ್ರಾಮುಗಳು ಬಂದು ಕೂರುತ್ತಿದ್ದವು. ಒಂದು ಕನ್ನಡ ಅಕ್ಷರದ್ದು, ಒಂದು ಕ್ಯಾಲ್ಕುಲೇಟರು, ಇನ್ನೊಂದು ಪರದೆಯ ಮೂಲೆಯಲ್ಲಿ ಗಡಿಯಾರ ತೋರಿಸುವುದು. ಮಂಡಿಯ ಯಜಮಾನರಿಗೆ ಆ ಗಡಿಯಾರದ ಮೇಲೆ ಬಲು ಪ್ರೀತಿ. ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದರು.

‘ಯಜಮಾನ್ರೆ, ಬಸ್ ಸ್ಟಾಂಡಿನಲ್ಲಿ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಇವು ಹಾಗೆ’ ಎಂದೆ. ‘ಕೂತಿರೋದಿಲ್ಲ, ಟವಲ್ ಮಾತ್ರ ಇರ್ತದೆ. ರಿಪೋರ್ಟು ಮಕ್ಕಳು ಮರಿ ಕಟ್ಟಿಕೊಂಡು ಬಸ್ ಹತ್ತಿದರೆ ಅದಕ್ಕೆ ಜಾಗ ಇಲ್ಲ.’

‘ಟವಲ್ ಎತ್ತಾಕ್ರಿ ಮತ್ತೆ.’

‘ಗಡಿಯಾರವೂ ಹೋಗ್ತದೆ.’

‘ಗಡಿಯಾರ ಬುಟ್ಟು ಬೇರೆ ಯಾವ್ದಾರ ಎತ್ತಾಕಿ ಕಣ್ರೀ. ಅದೊಂದ್ ಐತೆ ಅಂತಲೇ ನಮ್ಮ ಮಂಡಿಗೆ ಜನ ಬತ್ತಾವ್ರೆ.’

ಕನ್ನಡ ತೆಗೆಯುವಂತಿರಲಿಲ್ಲ. ಕ್ಯಾಲ್ಕುಲೇಟರ್ ತೆಗೆದರೆ ಸಿಗುವ ಜಾಗ ಸಾಲದು. ನಾನು ವಾದ ಮಾಡಲಿಲ್ಲ. ಎದುರಿನ ಅಂಗಡಿಯಿಂದ ಒಂದು ಗೋಡೆ ಗಡಿಯಾರ ತಂದು, ಮಾನಿಟರಿನ ನೇರ ಮೇಲೆ ಮೊಳೆ ಹೊಡೆದು ನೇತು ಹಾಕಿದೆ. ಯಜಮಾನರು ಅದನ್ನೂ ಪರದೆಯನ್ನೂ ಸ್ವಲ್ಪ ಹೊತ್ತು ನೋಡಿದರು. ‘ಇದು ದೊಡ್ಡದಾಗಿ ಕಾಣ್ತದೆ’ ಎಂದರು. ರಿಪೋರ್ಟು ಬಂತು. ಗಿರಾಕಿಯಿಂದ ಏನನ್ನಾದರೂ ಕಿತ್ತುಕೊಳ್ಳಬೇಕಾದರೆ ಬದಲಿಗೆ ಕಣ್ಣಿಗೆ ಕಾಣುವಂಥದ್ದು ಕೊಡಿ. ಇದು ಪುಸ್ತಕದಲ್ಲಿ ಇರುವುದಿಲ್ಲ.

ಚಿಕ್ಕನಾಯಕನಹಳ್ಳಿಯ ಇನ್ನೊಬ್ಬರು, ನಾರಿನ ಕಾರ್ಖಾನೆಯವರು, ಮೆಮೊರಿ ಸಾಲದಿದ್ದರೆ ಇನ್ನಷ್ಟು ಹಾಕಿಬಿಡೋಣ ಎಂದು ತಾವೇ ಬೆಂಗಳೂರಿನಿಂದ ಚಿಪ್ಪು ತರಿಸಿ ಹಾಕಿಸಿದರು. ಮೊದಲಿದ್ದದ್ದರ ನಾಲ್ಕರಷ್ಟು ಆಯಿತು. ರಿಪೋರ್ಟ್ ಕೇಳಿದರೆ ಮತ್ತೆ ಅದೇ ‘ಮೆಮೊರಿ ಫುಲ್’. ‘ಇದಕ್ಕೇನು ಹೊಟ್ಟೆಬಾಕತನವಾ?’ ಎಂದು ನನ್ನನ್ನೇ ದಬಾಯಿಸಿದರು. ನಾನು ಎಸ್‌ಟಿಡಿ ಬೂತಿಗೆ ಹೋಗಿ ರಾಯರಿಗೆ ಫೋನ್ ಮಾಡಿದೆ.

‘ಮಹಡಿ ಕಟ್ಟಿಸಿದ್ದಾರೆ, ಮೆಟ್ಟಿಲು ಇಡಿಸಿಲ್ಲ’ ಎಂದರು ರಾಯರು. ‘ಮೆಷಿನ್ ಏಳುವಾಗ ಓದಿಕೊಳ್ಳೋ ಫೈಲಿನಲ್ಲಿ ಒಂದು ಸಾಲು ಹಾಕು, ಅದೇ ಮೆಟ್ಟಿಲು. ಆದ್ರೆ ಒಂದು ತಿಳಿದಿರು ರಂಗಸ್ವಾಮಿ. ಸುಮ್ಮನೆ ಕೂರೋ ಪ್ರೋಗ್ರಾಮುಗಳನ್ನ ಮಲಗೋಕೆ ಮಹಡಿಗೆ ಕಳಿಸಬಹುದು, ಅಡುಗೆ ಮಾತ್ರ ಕೆಳಗೇ ಆಗಬೇಕು. ಆರುನೂರ ನಲವತ್ತು ಆರುನೂರ ನಲವತ್ತೇ.’

ರಾಯರು ಫೋನಿನಲ್ಲಿ ಮೆಷಿನ್ನನ್ನು ನೋಡುತ್ತಿದ್ದರು. ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಕೂತು, ‘ಈಗ ಕೆಳಗಿನ ಸಾಲಿನಲ್ಲಿ ಬಲಗಡೆ ಏನೋ ಮಿಣುಕುತ್ತಿರಬೇಕು ನೋಡು’ ಎನ್ನುತ್ತಿದ್ದರು. ನಾನು ಬೂತಿನಿಂದ ಕಾರ್ಖಾನೆಗೆ ಓಡಿ ಹೋಗಿ ನೋಡಿದರೆ ಮಿಣುಕುತ್ತಿರುತ್ತಿತ್ತು. ಆ ಸಾಲು ಹಾಕಿದ ಮೇಲೆ ರಿಪೋರ್ಟೂ ಬಂತು. ಅವರು ನನಗೆ ಕೊಟ್ಟ ಒಂದೇ ಒಂದು ಆಜ್ಞೆ ಎಂದರೆ: ‘ಹೋದ ತಕ್ಷಣ ಕೀಬೋರ್ಡ್ ಮುಟ್ಟಬೇಡ. ಕೈ ಕಟ್ಟಿ ಕೂತು, ಅವರು ದಿನಾ ಮಾಡೋದನ್ನ ನಿನ್ನೆದುರು ಮಾಡಲಿ. ನೀನು ಮಾಡಿದರೆ ಸರಿಯಾಗೇ ಮಾಡ್ತೀಯ, ತಪ್ಪು ಸಿಗೋದಿಲ್ಲ.’

ಆಮೇಲೆ ಮೌಸ್ ಬಂತು, ಬಣ್ಣದ ಪರದೆ ಬಂತು, ಮೆಮೊರಿ ಸೋರೆಕಾಯಿಯ ಹಾಗೆ ಬೆಳೆಯಿತು. ಈಗಿನ ಹುಡುಗರು ಮೆಷಿನ್ ನಿಧಾನವಾದರೆ ಕಾರಣ ಹುಡುಕುವುದಿಲ್ಲ, ಹೊಸದನ್ನು ಕೊಳ್ಳಿಸುತ್ತಾರೆ. ಮಾರುವವನಿಗೆ ಅದು ಲಾಭವೇ, ನಾನೂ ಮಾರಿದ್ದೇನೆ. ಆದರೆ ಹುಡುಕುವುದು ಎಂದರೆ ಏನೆಂದು ನನಗೆ ಕಲಿಸಿದ್ದು ತುರುವೇಕೆರೆಯ ಕಣ್ಣಿನ ಶಿಬಿರ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನನ್ನ ಅಂಗಡಿಯ ಪಕ್ಕದ ಮಳಿಗೆ ಟೈಲರ್ ಬಷೀರ್ ಸಾಬರದು. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಇದ್ದ ಬಲಗಣ್ಣಿಗೆ ಪೊರೆ ಕವಿದು, ಸೂಜಿಗೆ ದಾರ ಪೋಣಿಸಲು ದಿನಾ ಬೆಳಿಗ್ಗೆ ಮನೆಯವರು ಬರಬೇಕಾಗಿತ್ತು. ಆಕೆ ಹತ್ತಾರು ಸೂಜಿಗಳಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದರು. ಬಷೀರರು ಬೆರಳಿನಿಂದ ತಡವಿ ತಡವಿ ಹೊಲಿಯುತ್ತಿದ್ದರು. ತುರುವೇಕೆರೆಯಲ್ಲಿ ಒಂದು ಸೇವಾ ಟ್ರಸ್ಟಿನವರು ಶಿಬಿರ ಮಾಡುತ್ತಾರೆ, ಬೆಂಗಳೂರಿನ ಡಾಕ್ಟರುಗಳು ಬಂದು ಪೊರೆ ತೆಗೆದು ಕೃತಕ ಮಸೂರ ಹಾಕುತ್ತಾರೆ ಎಂದು ಗೊತ್ತಾಗಿ ನಾನೇ ಹೆಸರು ಬರೆಸಿದ್ದೆ. ಆ ಟ್ರಸ್ಟಿನ ಕಚೇರಿಗೆ ಮೆಷಿನ್ ಕೊಟ್ಟಿದ್ದವನೂ ನಾನೇ.

ಬರುವ ಡಾಕ್ಟರುಗಳದು ಒಂದು ಕಟ್ಟುನಿಟ್ಟು ಇತ್ತು. ರೋಗಿಗಳ ಪಟ್ಟಿ ಮೆಷಿನ್ನಿನಲ್ಲಿ ಅಚ್ಚಾಗಿ, ಕ್ರಮವಾಗಿ, ಅವರ ಮೇಜಿನ ಮೇಲೆ ಇರಬೇಕು. ಒಂದೇ ಕಣ್ಣಿರುವವರು ಮೊದಲು, ಸಕ್ಕರೆ ಕಾಯಿಲೆಯವರು ಕೊನೆಗೆ, ಪ್ರತಿ ಹೆಸರಿನ ಮುಂದೆ ಬಲವೋ ಎಡವೋ. ಕೈಯಲ್ಲಿ ನಕಲು ಮಾಡಿದ ಪಟ್ಟಿಯನ್ನು ಮುಟ್ಟುವುದಿಲ್ಲ ಎಂದಿದ್ದರು. ನಕಲು ಮಾಡುವಾಗ ಬಲ ಎಡ ಅದಲು ಬದಲಾಗುವುದನ್ನು ಬೇರೆಲ್ಲೋ ಕಂಡಿದ್ದರಂತೆ. ಪಟ್ಟಿ ಇಲ್ಲದಿದ್ದರೆ ಕಣ್ಣು ಪರೀಕ್ಷೆ ಮಾಡಿ, ಹನಿ ಔಷಧಿ ಕೊಟ್ಟು ಮುಂದಿನ ಊರಿಗೆ ಹೋಗುತ್ತೇವೆ ಎಂದು ಮೊದಲೇ ತಿಳಿಸಿದ್ದರು. ಮತ್ತೆ ಶಿಬಿರ ಎಂದರೆ ಮುಂದಿನ ವರ್ಷ. ಬಷೀರರ ಕಣ್ಣು ಅಲ್ಲಿಯವರೆಗೆ ಕಾಯುವ ಹಾಗಿರಲಿಲ್ಲ.

ಶಿಬಿರದ ಹಿಂದಿನ ದಿನ ಬೆಳಿಗ್ಗೆ ಟ್ರಸ್ಟಿನ ಕಾರ್ಯದರ್ಶಿ ಚನ್ನಬಸಪ್ಪನವರ ಫೋನು. ‘ರಂಗಸ್ವಾಮಿ, ನಿನ್ನ ಮೆಷಿನ್ನು ಕೈಯೆತ್ತೈತೆ ಕಣಪ್ಪ. ಪಟ್ಟಿ ಜೋಡ್ಸು ಅಂದ್ರೆ ಮೆಮೊರಿ ಫುಲ್ಲು ಅಂತದೆ. ಬೆಳಗಾದ್ರೆ ಡಾಕ್ಟ್ರು ಬತ್ತಾರೆ.’

ಬಷೀರರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ಎಲ್ಲ ಕೇಳಿಸಿಕೊಂಡರು.

‘ನಾನೂ ಬತ್ತೀನಿ ರಂಗಣ್ಣ. ಮೆಷಿನ್ ರಿಪೇರಿ ನಾನೂ ಮಾಡ್ದೋನೇ.’

‘ನಿಮ್ಮದು ಹೊಲಿಗೆ ಮೆಷಿನ್ನು ಸಾಬ್ರೆ.’

‘ಎರಡು ತೊಟ್ಟು ಎಣ್ಣೆ ಬಿಟ್ರೆ ಯಾವ ಮೆಷಿನ್ ಆದ್ರೂ ಮಾತು ಕೇಳ್ತದೆ. ನಡೀರಿ.’

ತಮಾಷೆ ಮಾಡಿದರೂ ಬಸ್ಸಿನಲ್ಲಿ ಅವರು ಮಾತಾಡಲಿಲ್ಲ. ನಮ್ಮೂರು ನೊಣವಿನಕೆರೆ ದಾಟುವಾಗ ಒಮ್ಮೆ ಮಾತ್ರ, ‘ತೋಟ ಬಂತಾ?’ ಎಂದು ಕೇಳಿದರು. ಎರಡೂ ಕಡೆ ತೋಟವೇ ಇತ್ತು.

ಟ್ರಸ್ಟಿನ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ಗಿರಿಜಮ್ಮ, ದಬ್ಬೇಘಟ್ಟದ ಹುಡುಗಿ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಹಳ್ಳಿ ಹಳ್ಳಿಯಿಂದ ಬಂದ ಚೀಟಿಗಳನ್ನೆಲ್ಲ ಅವಳೊಬ್ಬಳೇ ಲೆಕ್ಕದ ಹಾಳೆಗೆ ಏರಿಸಿದ್ದಳು. ನಾವು ಹೋದಾಗ ಅವಳ ಕಣ್ಣುಗಳು ಕೆಂಪಗಿದ್ದವು. ಚನ್ನಬಸಪ್ಪನವರು ಮೇಜಿನ ಸುತ್ತ ತಿರುಗುತ್ತಿದ್ದರು.

‘ಮೆಷಿನ್ ಪಾಡಿಗೆ ಅದಿರ್ಲಿ, ನಾನೇ ಕೂತ್ಕಂಡು ದುಂಡಗೆ ಬರೀತೀನಿ ಬುಡು. ಡಾಕ್ಟ್ರಿಗೆ ಏನ್ ಗೊತ್ತಾಯ್ತದೆ?’

‘ಯಜಮಾನ್ರೆ, ಇಲ್ಲಿ ನಿಂತಿರೋರಿಗೆ ಇರೋದು ಒಂದೇ ಕಣ್ಣು’ ಎಂದು ಬಷೀರರನ್ನು ತೋರಿಸಿದೆ. ‘ನಿಮ್ಮ ದುಂಡಕ್ಷರದಲ್ಲಿ ಬಲ ಹೋಗಿ ಎಡ ಆದರೆ ಗತಿ ಏನು? ಮಧ್ಯಾಹ್ನದ ಊಟದವರೆಗೆ ನನಗೆ ಬಿಡಿ. ಅಷ್ಟು ಹೊತ್ತು ನೀವು ಕುರ್ಚಿ ಬಿಟ್ಟು ಏಳಬಾರದು.’

ಅವರು ಕೂತರು.

ಮೊದಲು ಫೈಲಿನ ಒಂದು ನಕಲು ಫ್ಲಾಪಿಗೆ ತೆಗೆದುಕೊಂಡೆ. ಹೊಸಬರು ಇದನ್ನು ಎದೆಯ ಮೇಲೆ ಬರೆದುಕೊಳ್ಳಿ: ನಕಲು ತೆಗೆಯದೆ ಗಿರಾಕಿಯ ಫೈಲನ್ನು ಮುಟ್ಟುವವನು ಮೆಕ್ಯಾನಿಕ್ಕಲ್ಲ, ಕಳ್ಳ. ಆಮೇಲೆ ಟವಲ್ ಹಾಕಿದ ಪ್ರೋಗ್ರಾಮುಗಳಿವೆಯೇ ಎಂದು ನೋಡಿದೆ. ಒಂದೂ ಇರಲಿಲ್ಲ. ಹೆಸರುಗಳು ಎಷ್ಟಿವೆ, ಒಂದೊಂದಕ್ಕೆ ಎಷ್ಟು ಜಾಗ ಎಂದು ಮನಸ್ಸಿನಲ್ಲೇ ಗುಣಿಸಿದೆ. ಆ ಪಟ್ಟಿ ಆರಾಮವಾಗಿ ಹಿಡಿಯಬೇಕು. ಆದರೂ ಜೋಡಿಸು ಎಂದು ಕೇಳಿದರೆ ಮೆಮೊರಿ ಫುಲ್. ಕಣ್ಣಿಗೆ ಕಾಣದ ಯಾರೋ ಜಾಗ ಹಿಡಿದು ಕೂತಿದ್ದಾರೆ.

ಗಿರಿಜಮ್ಮನನ್ನು ಕೂರಿಸಿ, ರಾಯರು ಹೇಳಿದ ಹಾಗೆ ಕೈ ಕಟ್ಟಿಕೊಂಡೆ. ಅವಳು ಪಟ್ಟಿ ತೆರೆದಳು, ಆಯ್ಕೆ ಮಾಡಿದಳು, ಜೋಡಿಸು ಎಂದಳು. ಒಂದು ಕೈ ತಪ್ಪು ಇಲ್ಲ. ಅಷ್ಟು ಅಚ್ಚುಕಟ್ಟಾಗಿ ನಾನೂ ಮಾಡುತ್ತಿರಲಿಲ್ಲ.

‘ಬೇರೆ ಏನಾದ್ರೂ ತೊಂದ್ರೆ ಕೊಡ್ತದೇನಮ್ಮ ಮೆಷಿನ್ನು?’

‘ಇಲ್ಲ ಸಾರ್.’

ಆಗ ಚನ್ನಬಸಪ್ಪನವರು ಊಟಕ್ಕೆ ಹೇಳಿ ಕಳಿಸಲು ಚೀಟಿ ಬರೆಯಲೆಂದು ಡ್ರಾಯರಿನಿಂದ ಒಂದು ಕಾಗದ ತೆಗೆದರು. ಪ್ರಿಂಟರಿನ ಮಡಿಕೆ ಕಾಗದ, ಅಂಚಿನಲ್ಲಿ ತೂತುಗಳಿದ್ದವು. ಎರಡೂ ಕಡೆ ಖಾಲಿ. ಕೆಳಗಿನ ಬಲ ಮೂಲೆಯಲ್ಲಿ ಮಾತ್ರ ಇಂಗ್ಲಿಷಿನಲ್ಲಿ ‘ಶ್ರೀ’ ಎಂದು ಅಚ್ಚಾಗಿತ್ತು.

‘ಇದೆಲ್ಲಿ ಸಿಕ್ತು ಯಜಮಾನ್ರೆ?’

‘ಇದಾ? ಪಟ್ಟಿ ತೆಗುದಾಗೆಲ್ಲ ಹಿಂದ್ಗಡೆಯಿಂದ ಪ್ರಿಂಟ್ರು ಖಾಲಿ ಕಾಗ್ದ ಉಗೀತಲೇ ಇರ್ತದೆ. ಕಟ್ಟುಗಟ್ಲೆ. ನಾನು ಅರ್ಧಕ್ಕೇ ಸ್ವಿಚ್ಚು ಆರುಸ್ತೀನಿ. ಒಂದಿನ ಮರೆತು ಬುಟ್ಬುಟ್ಟಿದ್ದೆ, ಕೊನೇಗೆ ಇದು ಬಂತು. ಶ್ರೀ ಐತೆ, ಶುಭ ಅಂತ ತಗುದಿಟ್ಟಿದ್ದೆ.’

‘ಇದನ್ನ ಮೊದಲೇ ಹೇಳಬಾರದಾ?’

‘ಕುರ್ಚಿ ಬುಟ್ಟು ಏಳ್ಬ್ಯಾಡ ಅಂದೋನು ನೀನೇ ಅಲ್ವೇನಪ್ಪಾ.’

ಗಿರಿಜಮ್ಮ ತಲೆ ತಗ್ಗಿಸಿದ್ದಳು. ‘ಆ ಶ್ರೀ ನಾನೇ ಹಾಕಿದ್ದು ಸಾರ್’ ಎಂದಳು. ‘ಹೊಸ ಹಾಳೆ ಅಲ್ವಾ ಸಾರ್. ನಮ್ಮನೇಲಿ ಹೊಸ ಬಟ್ಟೆಗೆ, ಲಗ್ನಪತ್ರಿಕೆಗೆ, ನಾಕು ಮೂಲೆಗೂ ಅರಿಶಿನ ಮುಟ್ಟಿಸ್ದೆ ಎತ್ಕಳಲ್ಲ. ಮೆಷಿನ್ ಪೂಜೆ ದಿನ ಪರದೆಗೆ ಅರಿಶಿನ ಹಚ್ಬ್ಯಾಡಿ ಅಂತ ನೀವೇ ಅಂದ್ರಿ. ಅದುಕ್ಕೇ ಒಳಗೇ ಹಾಕ್ದೆ. ನಾಕು ಮೂಲೆಗೂ.’

ನಾನು ಕೀಬೋರ್ಡಿಗೆ ಕೈ ಹಾಕಿ, ಹಾಳೆಯ ಕೊನೆಯ ಮನೆಗೆ ಹೋಗುವ ಕೀಲಿಗಳನ್ನು ಒತ್ತಿದೆ. ಪಟ್ಟಿ ಮಾಯವಾಯಿತು. ಪರದೆ ತುಂಬ ಕತ್ತಲೆ. ಆ ಕತ್ತಲೆಯ ಕಟ್ಟಕಡೆಯ ಮೂಲೆಯಲ್ಲಿ ಒಂದು ಶ್ರೀ, ಮಿಣುಕುವ ಗೆರೆಯ ಪಕ್ಕದಲ್ಲಿ, ಒಂಟಿಯಾಗಿ ಕೂತಿತ್ತು.

ಆ ಹಾಳೆಗೆ ಎಲ್ಲೋ ಒಂದು ಅಂಚಿದೆ ಎಂದು ನಾನು ಓದಿದ್ದೆ. ಅಷ್ಟು ವರ್ಷ ಕೆಲಸ ಮಾಡಿಯೂ ಅಲ್ಲಿಗೆ ಹೋಗಿ ನೋಡಿರಲಿಲ್ಲ. ಹೋಗಬೇಕಾದ ಕಾರಣ ಬಂದಿರಲಿಲ್ಲ. ದಬ್ಬೇಘಟ್ಟದ ಹುಡುಗಿಯೊಬ್ಬಳು ಹಾಳೆಗೆ ಒಳ್ಳೆಯದಾಗಲಿ ಎಂದು ಅದರ ನಾಲ್ಕು ದಿಕ್ಕಿನ ಕೊನೆಯನ್ನೂ ಹುಡುಕಿಕೊಂಡು ಹೋಗಿ ಬಂದಿದ್ದಳು. ನಮ್ಮ ಪ್ಯಾಕೇಜಿನ ಸ್ವಭಾವ ಏನೆಂದರೆ, ಮೇಲಿನ ಒಂದು ಮನೆಯಲ್ಲಿ ಬರೆದು ಕೆಳಗಿನ ಒಂದು ಮನೆಯಲ್ಲಿ ಬರೆದರೆ ನಡುವಿನ ಖಾಲಿ ಮನೆಗಳಿಗೂ ಅದು ಚೂರು ಚೂರು ಜಾಗ ಎತ್ತಿಡುತ್ತದೆ, ಯಾವತ್ತಾದರೂ ಯಾರಾದರೂ ಬಂದಾರು ಎಂದು. ಸಾವಿರಾರು ಖಾಲಿ ಮನೆಗಳು. ಒಂದರಲ್ಲೂ ಏನಿಲ್ಲ. ಎಲ್ಲವನ್ನೂ ಅದು ನೆನಪಿಟ್ಟುಕೊಂಡಿತ್ತು. ನಾವು ಅರಿಶಿನ ಮುಟ್ಟಿಸಿ ಮರೆತುಬಿಡುತ್ತೇವೆ, ಆ ಯಂತ್ರ ಅವಳ ಶ್ರೀಕಾರವನ್ನು ಮರೆಯಲಾರದೆ ಹೊತ್ತುಕೊಂಡು ನಿಂತಿತ್ತು.

‘ಇವನ್ನು ಅಳಿಸಬೇಕಮ್ಮ’ ಎಂದೆ.

ಗಿರಿಜಮ್ಮ ಕೀಬೋರ್ಡಿನಿಂದ ಕೈ ತೆಗೆದಳು. ‘ಶ್ರೀ ಅಳಿಸೋದಾ ಸಾರ್? ಬೆಳಿಗ್ಗೆ ಆಪರೇಷನ್ ಇಟ್ಕಂಡು?’

‘ಅದೊಂದು ಬುಟ್ಟು ಬೇರೆ ಏನಾರ ಮಾಡಪ್ಪ’ ಎಂದರು ಚನ್ನಬಸಪ್ಪನವರು. ‘ಅಷ್ಟು ಜನದ ಕಣ್ಣಿನ ವಿಚಾರ. ನಾಳೆ ಒಂದು ಹೆಚ್ಚುಕಮ್ಮಿ ಆದ್ರೆ ಶ್ರೀ ಅಳಿಸಿದ್ದಕ್ಕೇ ಅಂತಾರೆ.’

ಇಲ್ಲಿ ತಿಳಿದವನಂತೆ ಬೈದು, ನಾನೇ ಅಳಿಸಿಬಿಡಬಹುದಿತ್ತು. ಎರಡು ಕೀಲಿಯ ಕೆಲಸ. ಆದರೆ ಆ ಹುಡುಗಿ ರಾತ್ರಿಯೆಲ್ಲ ನಿದ್ದೆ ಮಾಡುತ್ತಿರಲಿಲ್ಲ, ಆಮೇಲೆ ಆ ಮೆಷಿನ್ ಮುಂದೆ ಧೈರ್ಯವಾಗಿ ಕೂರುತ್ತಲೂ ಇರಲಿಲ್ಲ. ನಾನು ಹೇಗೆ ಚೌಕಾಸಿ ಮಾಡುವುದೆಂದು ಯೋಚಿಸುತ್ತಿದ್ದಾಗ ಬಷೀರರು ಬಾಗಿಲ ಬಳಿಯ ಬೆಂಚಿನಿಂದ ಮಾತಾಡಿದರು.

‘ಅಮ್ಮಾ, ನಮ್ಮೋರು ಅಂಗಡಿ ಬೋರ್ಡಿಗೆ, ಚೀಟಿಗೆ ದೇವ್ರ ಹೆಸ್ರಲ್ಲಿ ಏಳುನೂರ ಎಂಬತ್ತಾರು ಅಂತ ಹಾಕ್ತಾರೆ. ನೋಡಿದೀಯಲ್ಲಾ?’

‘ನೋಡಿದೀನಿ ಸಾಬ್ರೆ.’

‘ಎಲ್ಲಿ ಹಾಕ್ತಾರೆ?’

‘ಮೇಲೆ.’

‘ಮೇಲೆ ಒಂದೇ ಕಡೆ. ಮೇಲಿಂದು ಅವಂದು ಅಂದ್ಮೇಲೆ ಕೆಳಗಿಂದು ಇನ್ಯಾರ್ದಮ್ಮ? ಮೂಲೆ ಮೂಲೆಗೆ ಹೋಗಿ ಹೇಳ್ಬೇಕಾ ಅವನಿಗೆ? ಕಣ್ಣು ನಂದು, ನಾನೇ ಹೇಳ್ತಾ ಇದೀನಿ.’

ಗಿರಿಜಮ್ಮ ನನ್ನ ಮುಖ ನೋಡಿದಳು. ಸಮಯ ನೋಡಿ ನಾನು ನನ್ನ ದರ ಹೇಳಿದೆ. ‘ಅಳಿಸೋದು ಬೇಡ. ನಾಲ್ಕನ್ನೂ ತಂದು ಮೇಲೆ ಮೊದಲನೇ ಮನೇಲಿ ಒಂದು ಮಾಡು. ಪಟ್ಟಿ ಅಚ್ಚಾದ ಮೇಲೆ ಪ್ರತಿ ಕಾಗದದ ನಾಲ್ಕು ಮೂಲೆಗೂ ನಿಜವಾದ ಅರಿಶಿನ ಹಚ್ಚು. ಪರದೆಯಲ್ಲಿ ಒಂದು, ಕಾಗದದಲ್ಲಿ ನಾಲ್ಕು.’

‘ಕಾಗ್ದಕ್ಕೆ ಹಚ್ಚಿದ್ರೆ ಡಾಕ್ಟ್ರು ಬೈಯಲ್ವಾ ಸಾರ್?’

‘ಡಾಕ್ಟರ ಜೊತೆ ನಾನು ಮಾತಾಡ್ತೀನಿ.’

ವ್ಯಾಪಾರ ಕುದುರಿತು. ಅವಳೇ ಒಂದೊಂದು ಮೂಲೆಗೂ ಹೋಗಿ, ಶ್ರೀಗಳನ್ನು ಎತ್ತಿಕೊಂಡು ಬಂದು ಮೊದಲ ಮನೆಯಲ್ಲಿ ಇಟ್ಟಳು. ಪ್ರತಿ ಸಲ ತುಟಿ ಅಲ್ಲಾಡುತ್ತಿತ್ತು. ಮುಗಿಯಿತು. ಜೋಡಿಸು ಎಂದಳು.

ಮೆಮೊರಿ ಫುಲ್.

ಚನ್ನಬಸಪ್ಪನವರು ಕುರ್ಚಿ ಬಿಟ್ಟು ಎದ್ದರು. ‘ನಾನ್ ಹೇಳ್ಲಿಲ್ವಾ?’

ಇದು ಆ ಪ್ಯಾಕೇಜಿನ ಇನ್ನೊಂದು ಗುಣ. ಮನೆ ಖಾಲಿ ಮಾಡಿಸಿದರೂ ಅದು ಹಿಡಿದ ಜಾಗವನ್ನು ಕೂಡಲೇ ಬಿಟ್ಟುಕೊಡುವುದಿಲ್ಲ. ಫೈಲನ್ನು ಉಳಿಸಿ, ಪ್ಯಾಕೇಜಿನಿಂದಲೇ ಆಚೆ ಬಂದು, ಮತ್ತೆ ಒಳಗೆ ಹೋಗಬೇಕು. ಆಗ ಹೊಸದಾಗಿ ಎಣಿಸಿಕೊಳ್ಳುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಮುಚ್ಚು ಎಂದು ಹೇಳುವ ಮೊದಲು ಫ್ಲಾಪಿ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡೆ. ಇಷ್ಟು ನರಳುತ್ತಿದ್ದ ಫೈಲು ಮತ್ತೆ ಏಳದಿದ್ದರೆ ಉಳಿಯುವುದು ಫ್ಲಾಪಿಯಲ್ಲಿದ್ದ ನಕಲು, ಅದೂ ಇದೇ ರೋಗದ್ದು.

‘ಮುಚ್ಚಿದ್ರೆ ಮತ್ತೆ ತೆಗೀತದಾ ಸಾರ್?’

‘ತೆಗೀತದೆ’ ಎಂದೆ. ಅದೊಂದು ಮಾತನ್ನು ನಾನು ಖಾತ್ರಿಯಿಲ್ಲದೆ ಹೇಳಿದೆ.

ಉಳಿಸಿದಳು. ಡಿಸ್ಕಿನ ಕೆಂಪು ದೀಪ ಹತ್ತಿ ಆರಿ ಹತ್ತಿ ಆರಿತು. ಆಚೆ ಬಂದೆವು. ಕಪ್ಪು ಪರದೆ, ಮಿಣುಕುವ ಗೆರೆ. ಮತ್ತೆ ಒಳಗೆ ಹೋದೆವು. ಪಟ್ಟಿ ಬಂತು. ಎಷ್ಟು ಮೆಮೊರಿ ಉಳಿದಿದೆ ಎಂದು ತೋರಿಸುವ ಸಾಲನ್ನು ತೆರೆದೆ. ತಳ ಕಂಡಿದ್ದ ಅಂಕಿ ಏರಿ ನಿಂತಿತ್ತು. ಹೊಸ ಚಿಪ್ಪು ಹಾಕಿರಲಿಲ್ಲ, ಒಂದು ಹೆಸರು ಕಳೆದಿರಲಿಲ್ಲ, ಅದೇ ಆರುನೂರ ನಲವತ್ತು. ಖಾಲಿಯನ್ನು ಕಾಯ್ದುಕೊಂಡಿದ್ದ ಜಾಗವೆಲ್ಲ ವಾಪಸ್ಸು ಬಂದಿತ್ತು. ಆ ಅಂಕಿಯನ್ನು ಕಂಡಾಗ ಆದ ಬೆರಗು ಆಮೇಲೆ ಎಂಥೆಂಥ ಮೆಷಿನ್ ಕಂಡರೂ ಆಗಲಿಲ್ಲ.

ಗಿರಿಜಮ್ಮ ಜೋಡಿಸು ಎಂದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಪಟ್ಟಿ ಮಗುಚಿ ಬಿದ್ದು ಹೊಸ ಕ್ರಮದಲ್ಲಿ ಎದ್ದು ನಿಂತಿತು. ಎಲ್ಲೋ ನಡುವೆ ಹೂತುಹೋಗಿದ್ದ ಬಷೀರರ ಹೆಸರು ಮೇಲೆ ಬಂದಿತ್ತು.

ಹೊಸಬರು ಇಲ್ಲಿ ಸಂತೋಷಪಟ್ಟು ಪ್ರಿಂಟ್ ಕೊಟ್ಟುಬಿಡುತ್ತಾರೆ. ನಿಲ್ಲಿ. ಜೋಡಿಸುವಾಗ ಒಂದು ಕಾಲಂ ಹೊರಗೆ ಉಳಿದರೆ ಹೆಸರುಗಳು ಮಾತ್ರ ಜಾಗ ಬದಲಿಸುತ್ತವೆ, ಕಣ್ಣುಗಳು ಇದ್ದಲ್ಲೇ ಇರುತ್ತವೆ. ಆಗ ಯಾರದೋ ಎಡ ಯಾರದೋ ಹೆಸರಿನ ಮುಂದೆ ಕೂರುತ್ತದೆ, ನೋಡಲು ಪಟ್ಟಿ ಬಹಳ ಚೆನ್ನಾಗಿರುತ್ತದೆ. ನಾನು ಬಷೀರರನ್ನು ಕೇಳಿದೆ, ‘ಸಾಬ್ರೆ, ಯಾವ ಕಣ್ಣು?’

‘ಇರೋದೇ ಬಲಗಡೆದು, ಅದನ್ನೂ ಕೇಳ್ತೀರಲ್ಲಾ.’

ಪರದೆಯಲ್ಲೂ ಬಲ ಎಂದೇ ಇತ್ತು. ಅಷ್ಟಕ್ಕೇ ಬಿಡಲಿಲ್ಲ. ಚನ್ನಬಸಪ್ಪನವರಿಗೆ ಹಳ್ಳಿಯ ಚೀಟಿಗಳನ್ನು ಕೊಟ್ಟು ಒಂದೊಂದಾಗಿ ಗಟ್ಟಿಯಾಗಿ ಓದಿಸಿದೆ, ಗಿರಿಜಮ್ಮ ಪರದೆ ನೋಡಿ ‘ಹೂಂ’ ಎನ್ನುತ್ತ ಹೋದಳು. ಊಟ ಆರಿ ಹೋಯಿತು. ಒಂದೂ ತಪ್ಪಿರಲಿಲ್ಲ. ಪ್ರಿಂಟರು ಕರಕರ ಎಂದು ಶುರುವಾಗಿ, ಕೊನೆಯ ಹೆಸರಾದ ಮೇಲೆ ತಾನೇ ನಿಂತಿತು. ಖಾಲಿ ಕಾಗದ ಒಂದೂ ಬರಲಿಲ್ಲ. ಚನ್ನಬಸಪ್ಪನವರು ಇನ್ನು ಚೀಟಿ ಬರೆಯಲು ಕಾಗದಕ್ಕೆ ಏನು ಮಾಡುವುದು ಎಂದರು.

ಮಾರನೆಯ ಬೆಳಿಗ್ಗೆ ಹಿರಿಯ ಡಾಕ್ಟರು ಪಟ್ಟಿ ಹಿಡಿದುಕೊಂಡು ಮೂಲೆಯ ಅರಿಶಿನವನ್ನು ನೋಡಿದರು. ನಾನು ಮಾತಾಡಲು ಬಾಯಿ ತೆರೆದೆ. ಅವರು ‘ನಮ್ಮಮ್ಮನೂ ನನ್ನ ಸರ್ಟಿಫಿಕೇಟಿಗೆ ಹಚ್ಚಿದ್ದರು’ ಎಂದಷ್ಟೇ ಹೇಳಿ ಮೊದಲ ಹೆಸರು ಕರೆದರು. ಬಷೀರರು ಒಳಗೆ ಹೋದರು.

ಕಣ್ಣಿಗೆ ಕಟ್ಟಿದ ಪಟ್ಟಿ ಬಿಚ್ಚುವ ದಿನ ನಾನು ಮತ್ತೆ ತುರುವೇಕೆರೆಗೆ ಹೋದೆ. ಶಾಲೆಯ ಕೋಣೆಯಲ್ಲಿ ಸಾಲಾಗಿ ಚಾಪೆ ಹಾಸಿದ್ದರು. ನರ್ಸಮ್ಮ ಬಷೀರರ ಕಣ್ಣಿನ ಹತ್ತಿ ತೆಗೆದು, ನಿಧಾನವಾಗಿ ರೆಪ್ಪೆ ಬಿಡಿಸಿಕೊಳ್ಳಿ ಎಂದರು. ಅವರ ಮನೆಯವರು ಗೋಡೆ ಹಿಡಿದು ನಿಂತಿದ್ದರು. ಬಷೀರರು ಬಿಟ್ಟ ಕಣ್ಣಿನಲ್ಲಿ ಮೊದಲು ಮನೆಯವರನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಮುಖ ನೋಡಲಿಲ್ಲ. ಎದೆಯ ಮೇಲೆ ದೃಷ್ಟಿ ನಿಂತಿತು. ಹುಬ್ಬು ಗಂಟಾಯಿತು.

‘ರಂಗಣ್ಣ, ಈ ಅಂಗಿ ಹೊಲಿದೋನು ಯಾವನು?’

‘ಯಾಕೆ ಸಾಬ್ರೆ?’

‘ಜೇಬಿನ ಪಟ್ಟೆ ಒಂದು ಕಡೆ ಹೋಗ್ತದೆ, ಅಂಗಿ ಪಟ್ಟೆ ಇನ್ನೊಂದು ಕಡೆ ಹೋಗ್ತದೆ. ಕಾಲರ್ ನೋಡಿ, ಒಂದು ಕಿವಿ ಗಿಡ್ಡ. ಇಂಥೋನ ಹತ್ರ ಯಾಕೆ ಕೊಡ್ತೀರ ಬಟ್ಟೆ?’

ಅವರ ಮನೆಯವರು ಸೆರಗು ಬಾಯಿಗೆ ಒತ್ತಿಕೊಂಡರು. ಬಷೀರರು ಅವರನ್ನು ನೋಡಿದರು, ನನ್ನನ್ನು ನೋಡಿದರು. ಕೈ ಚಾಚಿ ಜೇಬಿನ ಹೊಲಿಗೆಯನ್ನು ಬೆರಳಿನಿಂದ ಸವರಿದರು. ಬೆರಳಿಗೆ ತಮ್ಮದೇ ಹೊಲಿಗೆಯ ಗುರುತು ಸಿಕ್ಕಿತು.

‘ಹೋದ ಹಬ್ಬಕ್ಕಾ?’ ಎಂದರು.

‘ಹೂಂ.’

‘ಇಷ್ಟು ದಿವಸ ಹಾಕ್ಕಂಡು ಓಡಾಡಿದ್ರಾ ನೀವು ಇದನ್ನ?’

‘ಚೆನ್ನಾಗೇ ಇದೆ ಸಾಬ್ರೆ.’

‘ಬಿಚ್ಚಿ.’

‘ಒಂದು ತಿಂಗಳು ಸೂಜಿ ಮುಟ್ಟಬಾರದು ಅಂದಿದ್ದಾರೆ ಡಾಕ್ಟ್ರು.’

‘ಮುಟ್ಟಲ್ಲ. ದಿನಾ ನೋಡ್ತಾ ಇರ್ತೀನಿ. ಬಿಚ್ಚಿ ಕೊಡಿ.’

ಅಷ್ಟು ಜನರ ನಡುವೆ ನಾನು ಅಂಗಿ ಬಿಚ್ಚಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಒಂದೊಂದು ಹೊಲಿಗೆಯನ್ನೂ ನೋಡುತ್ತ ಕೂತರು. ನಾನು ಬನಿಯನ್ನಿನಲ್ಲೇ ತಿಪಟೂರಿನ ಬಸ್ಸು ಹತ್ತಿದೆ.